ಸಿಕ್ಕು ಬಿಡಿಸಿದವಳು

ಹದಿನಾಲ್ಕು ವರ್ಷ ದುಡಿದ ಕಂಪನಿಯಲ್ಲಿ ನನ್ನ ಹೆಸರನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿ ತೋರಿಸಿದ್ದು ಒಂದೇ ಒಂದು ಸಲ. ಅದೂ ಕೆಂಪು ಬಣ್ಣದಲ್ಲಿ. ಮೇಲಿನಿಂದ ಕೆಳಗಿನವರೆಗೆ ಸಾಲುಸಾಲಾಗಿ ಗೋಕಿಲಾ, ಗೋಕಿಲಾ, ಗೋಕಿಲಾ. ನನ್ನ ಮದುವೆ ಪತ್ರಿಕೆಯಲ್ಲೂ ಅಷ್ಟು ಸಲ ಬಂದಿರಲಿಲ್ಲ.

ಆರ್.ಎಸ್. ಪುರಂನಲ್ಲಿ ಒಂದು ಬೇಕರಿಯ ಮೇಲೆ ನಮ್ಮ ಆಫೀಸು. ಆ ದಿನ ಕೋಣೆಯಲ್ಲಿ ಇದ್ದವರು ನಾಲ್ಕೇ ಜನ. ನನ್ನ ಚಿಕ್ಕಪ್ಪನ ಮಗ ರಾಮ್‌ಕುಮಾರ್, ಅವನೇ ಯಜಮಾನ. ಅವನ ಹೆಂಡತಿಯ ಅಣ್ಣ ಸರವಣಕುಮಾರ್, ಗಿರಾಕಿಗಳನ್ನು ಹಿಡಿದು ತರುವವನು. ನಾನು, ಸಾಫ್ಟ್‌ವೇರ್ ಬರೆಯುವವಳು. ನಾಲ್ಕನೆಯವಳು ರುಬೀನಾ. ನಮ್ಮ ಕಂಪನಿಯನ್ನು ಕೊಂಡುಕೊಳ್ಳಲು ಹೊರಟಿದ್ದ ಪುಣೆಯವರು, ಒಳಗೆ ಹುಳುಕು ಏನಿದೆ ನೋಡಿಕೊಂಡು ಬಾ ಎಂದು ಅವಳನ್ನು ಕಳಿಸಿದ್ದರು. ಇಂಗ್ಲಿಷ್, ಹಿಂದಿ ಬಿಟ್ಟರೆ ಅವಳ ಬಾಯಲ್ಲಿ ಬೇರೆ ಮಾತು ನಾವು ಕೇಳಿರಲಿಲ್ಲ.

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಟೈಲರ್‌ಗಳಿಗೆ, ಚೆಕಿಂಗ್ ಹೆಂಗಸರಿಗೆ, ಇಸ್ತ್ರಿ ಮಾಡುವವರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ವಾರಕ್ಕೊಮ್ಮೆ ಆ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ನಮ್ಮದು. ರುಬೀನಾ ತಂದಿದ್ದ ಟೂಲ್ ಅದನ್ನು ಓಡಿಸಿ ನೋಡುವುದಿಲ್ಲ, ಬರೆದದ್ದನ್ನು ಬರೀ ಓದುತ್ತದೆ. ಪ್ರೋಗ್ರಾಮಿನ ಒಂದೊಂದು ತುಂಡಿನಲ್ಲಿ ‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂಬ ಕವಲುಗಳು ಎಷ್ಟು, ಕವಲಿನೊಳಗೆ ಕವಲು ಎಷ್ಟು ಎಂದು ಎಣಿಸಿ ಒಂದು ನಂಬರ್ ಕೊಡುತ್ತದೆ. ಹತ್ತರೊಳಗೆ ಇದ್ದರೆ ಹಸಿರು, ದಾಟಿದರೆ ಕೆಂಪು. ನಮ್ಮ ಕೂಲಿ ಲೆಕ್ಕದ ತುಂಡು ಇನ್ನೂರು ದಾಟಿ ಕೂತಿತ್ತು. ಕೊನೆಗೆ ಕೈ ಇಟ್ಟವರು ಯಾರೋ ಅವರ ಹೆಸರನ್ನು ಟೂಲ್ ಪಕ್ಕದಲ್ಲೇ ಹಾಕುತ್ತದೆ.

ಸರವಣ ಗೋಡೆ ನೋಡಿ ಶಿಳ್ಳೆ ಹೊಡೆದ. “ಎಲ್ಲಾ ಅಕ್ಕನ್ದೇ ಅಲ್ವಾ?” ಎಂದ.

ನನಗೆ ಮೈಯೆಲ್ಲಾ ಉರಿದುಹೋಯಿತು. ಈ ಸಿಕ್ಕು ಹಾಕಿಸಿದ್ದು ಯಾರು? ಗಿರಾಕಿ ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಇವರಿಬ್ಬರು ತಾನೆ? ಒಬ್ಬ ಮುದಲಾಳಿಗೆ, ಅಂದರೆ ಬನಿಯನ್ ಕಂಪನಿಯ ಮಾಲೀಕನಿಗೆ, ಭಾನುವಾರ ಬಂದವರಿಗೆ ಒಂದೂವರೆ ಪಾಲು ಬೇಕು, ಇನ್ನೊಬ್ಬನಿಗೆ ಭಾನುವಾರವೂ ಸೋಮವಾರದ ಹಾಗೇ ಇರಬೇಕು. ಒಬ್ಬ ಟೀ ಕಾಸು ಹಿಡಿಯುತ್ತಾನೆ, ಇನ್ನೊಬ್ಬ ಟೀ ಜೊತೆಗೆ ಬನ್ನೂ ಕೊಟ್ಟು ಬನ್ನಿನ ಕಾಸು ಮಾತ್ರ ಹಿಡಿಯುತ್ತಾನೆ. ದೀಪಾವಳಿ ಹತ್ತಿರ ಬಂತೆಂದರೆ ಒಬ್ಬೊಬ್ಬನದು ಒಂದೊಂದು ಕುಣಿತ. ಇವರು ಫೋನಿನಲ್ಲೇ “ಆಯ್ತುಂಗಣ್ಣಾ, ನಾಳೆನೇ ರೆಡಿ” ಎಂದು ಹಲ್ಲು ಕಿರಿದು, ಫೋನ್ ಇಟ್ಟು ನನ್ನ ಕಡೆ ತಿರುಗುವರು. “ಅಕ್ಕಾ, ಒಂದೇ ಒಂದ್ ಕಂಡಿಷನ್ ಸೇರ್ಸಿಬಿಡು.” ಒಂದೇ ಒಂದು, ಒಂದೇ ಒಂದು ಎಂದು ಹದಿನಾಲ್ಕು ವರ್ಷ ಸೇರಿಸಿದೆ. ಸರಿ ಮಾಡಿ ಬರೆಯಲು ಒಂದು ವಾರ ಕೊಡು ಎಂದರೆ, ಅಯ್ಯಯ್ಯೋ, ಯಾರಿಗಿತ್ತು ವಾರ!

ಇದನ್ನೆಲ್ಲಾ ಅಲ್ಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. ರಾಮ್‌ಕುಮಾರ್ ಮುಖದ ತುಂಬ ನಗು ಇಟ್ಟುಕೊಂಡು, ರುಬೀನಾಳ ಕಡೆ ನೋಡುತ್ತಲೇ ನನ್ನ ಹತ್ತಿರ ಕನ್ನಡದಲ್ಲಿ ಹೇಳಿದ. “ಅಕ್ಕಾ, ಈ ಅಮ್ಮಣಿ ಮುಂದೆ ಕೋವ ಮಾಡ್ಬೇಡ. ಕೆಂಪು ಪೂರಾ ಹಸ್ರಾಗ್ಬೇಕು, ಆಗಲೇ ವ್ಯಾಪಾರ ಮುಗಿಯೋದು. ನಿನ್ ಬಿಟ್ರೆ ಈ ವೇಲೆ ಯಾರ್ ಕೈಲೂ ಆಗಲ್ಲ. ಮುಗಿಸ್ಕೊಡು, ಅಪ್ಪುರ ಪುಣೆಯವ್ರ ಹತ್ರ ಇಲ್ಲಿಗೆ ನೀನೇ ಹೆಡ್ಡು. ಚೌಡಮ್ಮನ್ ಮೇಲ್ ಆಣೆ.”

ಇದು ನಮ್ಮವರ ಹಳೇ ಅಭ್ಯಾಸ. ನೇಯುವವರ ಕುಲ ನಮ್ಮದು, ಕುಲದೇವತೆ ಚೌಡಮ್ಮ, ಎಷ್ಟು ತಲೆಮಾರಿನ ಹಿಂದೆ ಈ ತಮಿಳು ಸೀಮೆಗೆ ಬಂದೆವೋ ಯಾರಿಗೂ ಗೊತ್ತಿಲ್ಲ. ಶಾಲೆ, ಅಂಗಡಿ, ಬಸ್ಸು, ಜಗಳ ಎಲ್ಲಾ ತಮಿಳಿನಲ್ಲೇ. ಕನ್ನಡ ಮನೆಯೊಳಗಿನದು, ಅದರಲ್ಲೂ ಕೋಪ ‘ಕೋವ’ವಾಗಿದೆ, ಕೆಲಸ ‘ವೇಲೆ’ಯಾಗಿದೆ, ಆಮೇಲೆ ಎನ್ನುವುದು ‘ಅಪ್ಪುರ’ವಾಗಿದೆ. ತಾತ ಸೀರೆ ಮಾರಲು ಹೋದರೆ, ಜವಳಿ ಅಂಗಡಿಯವನ ಎದುರಿಗೇ ಅಜ್ಜಿಯ ಹತ್ತಿರ ಕನ್ನಡದಲ್ಲಿ “ಇವ್ನು ಇನ್ನೂ ಏರ್ತಾನೆ, ಸುಮ್ನಿರು” ಎನ್ನುತ್ತಿದ್ದನಂತೆ. ಹೊರಗಿನವರು ಇದ್ದಾಗ ಅವರ ಕಿವಿಗೆ ಬೀಳಬೇಕಾದದ್ದು ತಮಿಳಿನಲ್ಲಿ, ಬೀಳಬಾರದ್ದು ಕನ್ನಡದಲ್ಲಿ. ನಾವು ನಾವೇ ಇದ್ದರೆ ತಮಿಳಿಗೆ ಕೆಲಸವೇ ಇಲ್ಲ. ಗೋಡೆಯ ಹಿಂದೆ ನಿಂತು ಮಾತಾಡಿದಷ್ಟೇ ಧೈರ್ಯವಾಗಿ ನಾವು ಹೊರಗಿನವರ ಮುಖದ ಮುಂದೆ ಮಾತಾಡುತ್ತೇವೆ.

ಹೆಡ್ಡು ಎಂದ ತಕ್ಷಣ ನನ್ನ ಕೋಪ ಅರ್ಧ ಇಳಿಯಿತು. ಸುಳ್ಳು ಯಾಕೆ ಹೇಳಲಿ? ಆಸೆ ಇತ್ತು. ತಿರುಪ್ಪೂರಿನಲ್ಲಿ ಯಾವ ಕಂಪನಿಗೆ ಹೋದರೂ ನಾನು ‘ರಾಮ್‌ಕುಮಾರ್ ಸಾರ್ ಅವರ ಅಕ್ಕ’. ಲೆಕ್ಕ ತಪ್ಪಿದಾಗ ಮಾತ್ರ ನನ್ನ ಹೆಸರು ಕೇಳುತ್ತಿದ್ದರು. ಸಂಬಂಧಿಕರೊಳಗೆ ಎಂಥ ನೇಮಕದ ಆರ್ಡರು, ಎಂಥ ಪದವಿ ಎಂದು ಚಿಕ್ಕಪ್ಪ ಮೊದಲ ದಿನವೇ ನಕ್ಕುಬಿಟ್ಟಿದ್ದರು, ನಾನೂ ನಕ್ಕಿದ್ದೆ. ಈಗ ಹೊರಗಿನವರೊಬ್ಬರ ಕಂಪನಿಯಲ್ಲಿ, ನನ್ನ ಕೆಲಸಕ್ಕೆ ನನ್ನದೇ ಹೆಸರು, ನನ್ನದೇ ಕುರ್ಚಿ. ಅದು ಸಿಕ್ಕಿದರೆ ಸಾಕು, ಬೇರೆ ಏನೂ ಬೇಡ ಎನಿಸಿತು.

ನನ್ನ ಗಂಡ ಕಾರ್ತಿ ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಊಟಕ್ಕೆ ಕೂತಾಗ ವಿಷಯ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

“ನಮ್ ಶಾಪಲ್ಲಿ ಒಂದ್ ಹಳೇ ಲೇತ್ ಇತ್ತು. ಸೆಲ್ಲಪ್ಪಣ್ಣ ಒಬ್ರಿಗೇ ಅದು ಬಗ್ಗೋದು. ರಿಟೈರ್ ಆಗೋವರ್ಗೂ ಅವ್ರನ್ ಒಬ್ಬ ಆಫೀಸರ್ ಕೂಡಾ ಏ ಅನ್ಲಿಲ್ಲ,” ಎಂದ. “ನೀನ್ ಎಲ್ಲಾನೂ ನೇರ ಮಾಡ್ಕೊಟ್ರೆ, ಅಪ್ಪುರ ನಿನ್ನ ಯಾರ್ ಕೇಳ್ತಾರೆ?”

“ನಿಮ್ದು ಗೌರ್ಮೆಂಟ್ ಬುದ್ಧಿ. ಕೆಟ್ಟಿದ್ದು ಕೆಟ್ಟಂಗೇ ಇರ್ಬೇಕು ನಿಮ್ಗೆ,” ಎಂದೆ.

“ಆಯ್ತಮ್ಮಾ ಹೆಡ್ಡು, ಮೋರು ಹಾಕು,” ಎಂದ. ಮಜ್ಜಿಗೆ ಹಾಕಿ ಪಾತ್ರೆಯನ್ನು ಸದ್ದು ಬರುವ ಹಾಗೆ ಕುಕ್ಕಿದೆ.

ಮರುದಿನದಿಂದ ರುಬೀನಾ ಮತ್ತು ನಾನು ಪಕ್ಕಪಕ್ಕ ಕೂತೆವು. ಮೊದಲು ಏನನ್ನೂ ಮುಟ್ಟಲಿಲ್ಲ. ಒಂದು ವರ್ಷದ ಹಳೇ ಕೂಲಿ ಲೆಕ್ಕಗಳನ್ನು ತೆಗೆದಿಟ್ಟುಕೊಂಡು, ಏನೇ ಬದಲಾಯಿಸಿದರೂ ಅದೇ ಕಾಸು ಬರುತ್ತದೆಯೇ ಎಂದು ತಾನಾಗಿಯೇ ತಾಳೆ ನೋಡುವ ವ್ಯವಸ್ಥೆ ಮಾಡಿದೆ. ಒಬ್ಬ ಟೈಲರಮ್ಮನಿಗೆ ಒಂದು ರೂಪಾಯಿ ಕಮ್ಮಿ ಬಂದರೂ ಕಂಪ್ಯೂಟರ್ ಕೂಗಿಕೊಳ್ಳುತ್ತಿತ್ತು. ಆಮೇಲೆ ಬಿಡಿಸಲು ಶುರು ಮಾಡಿದೆವು. ಒಂದೇ ಕೆಲಸವನ್ನು ಮೂರು ಕಡೆ ಬರೆದದ್ದನ್ನು ಟೂಲ್ ತೋರಿಸುತ್ತಿತ್ತು, ಎರಡನ್ನು ಕಿತ್ತುಹಾಕಿದೆ. ಒಬ್ಬೊಬ್ಬ ಮುದಲಾಳಿಯ ಕುಣಿತವನ್ನೂ ಕವಲಿನೊಳಗಿಂದ ಹೊರಗೆ ತೆಗೆದು, ಯಾರು ಬೇಕಾದರೂ ಓದಿ ತಿದ್ದುವ ಹಾಗೆ ನಿಯಮಗಳ ಒಂದು ಪಟ್ಟಿಯಾಗಿ ಮಾಡಿದೆ. ಇನ್ನೂರು ದಾಟಿದ್ದ ನಂಬರ್ ನೂರೈವತ್ತಾಯಿತು, ನೂರಾಯಿತು.

ಕೆಲವು ಕವಲುಗಳ ಮೇಲೆ ಟೂಲ್ ಬೂದು ಬಣ್ಣ ಹಚ್ಚುತ್ತಿತ್ತು. ಈ ದಾರಿಯಲ್ಲಿ ಈಗ ಯಾರೂ ಬರುವುದಿಲ್ಲ, ತೆಗೆದುಹಾಕು ಎಂದು ಅರ್ಥ. ಅದರಲ್ಲಿ ಧಾರಾಪುರಂ ರಸ್ತೆಯ ತಂಗಮಣಿ ಅಮ್ಮನ ಕಂಪನಿಯದೂ ಒಂದಿತ್ತು. ಹಳ್ಳಿಯಿಂದ ಬರುವ ಬೆಳಗಿನ ಬಸ್ಸು ತಡವಾದರೆ ಆ ಹೆಂಗಸರಿಗೆ ಅರ್ಧ ಗಂಟೆ ತಡದ ದಂಡ ಹಿಡಿಯಬಾರದು ಎಂದು ತಂಗಮಣಿ ಅಮ್ಮ ಹೇಳಿ ಹಾಕಿಸಿದ್ದು. ಕಂಪನಿ ಮುಚ್ಚಿ ನಾಲ್ಕೈದು ವರ್ಷವಾಯಿತು. ಟೂಲಿಗೆ ಬಸ್ಸೂ ಗೊತ್ತಿಲ್ಲ, ತಂಗಮಣಿ ಅಮ್ಮನೂ ಗೊತ್ತಿಲ್ಲ. ಆ ಸಾಲುಗಳನ್ನು ಇನ್ನೊಂದು ಸಲ ಓದಿ ಅಳಿಸಿದೆ. ನಂಬರ್ ಎರಡು ಇಳಿಯಿತು.

ಆದರೂ ಹಾಳಾದ ಆ ದಿನಗಳು ಚೆನ್ನಾಗಿಯೇ ಇದ್ದವು. ಅಮ್ಮ ಸಿಕ್ಕಾದ ನೂಲನ್ನು ಮಡಿಲಲ್ಲಿ ಹಾಕಿಕೊಂಡು ಕೂತರೆ ಊಟದ ಗೊಡವೆಯೂ ಇರುತ್ತಿರಲಿಲ್ಲ, ನನಗೂ ಹಾಗೇ ಆಗಿತ್ತು. ನಾನು ತರುತ್ತಿದ್ದ ಅಕ್ಕಿ ಬೇಳೆ ಅನ್ನವನ್ನು ರುಬೀನಾ ಚಪ್ಪರಿಸಿ ತಿನ್ನುತ್ತಿದ್ದಳು. ನಾನು ಒಂದು ಗಂಟು ಬಿಡಿಸಿದಾಗಲೆಲ್ಲಾ ಇಂಗ್ಲಿಷಿನಲ್ಲಿ ಭೇಷ್ ಎನ್ನುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ನನಗೆ ಭೇಷ್ ಎಂದವರು ಆ ಕಟ್ಟಡದಲ್ಲಿ ಇನ್ಯಾರೂ ಇಲ್ಲ. ರಾಮ್‌ಕುಮಾರ್, ಸರವಣ ಆಗಾಗ ಬಂದು ನಮ್ಮ ಕುರ್ಚಿಯ ಹಿಂದೆ ನಿಲ್ಲುವರು, ನಂಬರ್ ನೋಡುವರು, ತಮ್ಮ ತಮ್ಮೊಳಗೆ ಕನ್ನಡದಲ್ಲಿ ಏನೋ ಹೇಳಿಕೊಂಡು ಹೋಗುವರು. ನಾನು ತಿರುಪ್ಪೂರಿಗೆ ಲೆಕ್ಕ ತಾಳೆ ನೋಡಲು ಹೋದ ದಿನಗಳಲ್ಲೂ ಬಂದು ನಿಲ್ಲುತ್ತಿದ್ದರಂತೆ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕೊನೆಯ ಕೆಂಪು ಹೋಯಿತು. ರುಬೀನಾ ಇನ್ನೊಂದು ಪರೀಕ್ಷೆ ಇದೆ ಎಂದಳು. ಪುಣೆಯಲ್ಲಿ ಕೂತಿದ್ದ ಇಬ್ಬರು, ತಿರುಪ್ಪೂರು ಯಾವ ದಿಕ್ಕಿಗಿದೆ ಎಂದೂ ತಿಳಿಯದವರು, ನನ್ನನ್ನು ಒಂದು ಮಾತೂ ಕೇಳದೆ ಹೊಸ ಗಿರಾಕಿಯೊಬ್ಬನ ನಿಯಮ ಸೇರಿಸಿ ನೋಡಬೇಕಂತೆ. ಸೇರಿಸಿದರು. ಲೆಕ್ಕ ಕಾಸಿಗೆ ಕಾಸು ಸರಿ ಬಂತು. ನಾನು ಚಪ್ಪಾಳೆ ತಟ್ಟಿದೆ. ನಿಜವಾಗಿ, ಎದ್ದು ನಿಂತು ಎರಡೂ ಕೈ ಸೇರಿಸಿ ತಟ್ಟಿದೆ. ರುಬೀನಾ ತಟ್ಟಲಿಲ್ಲ.

ಅವಳು ಮಧ್ಯಾಹ್ನ ಹೊರಡುವವಳಿದ್ದಳು. ಟೀ ಕುಡಿಯೋಣ ಎಂದು ಕೆಳಗಿನ ಬೇಕರಿಗೆ ಕರೆದಳು. ಟೀ ಬಂತು. ಲೋಟವನ್ನು ಮುಟ್ಟದೆ, ತಲೆ ತಗ್ಗಿಸಿಕೊಂಡೇ, ಕನ್ನಡದಲ್ಲಿ ಶುರು ಮಾಡಿದಳು.

“ಮೇಡಂ, ನಾ ಹಾವೇರಿಯಾಕಿ. ಹತ್ತನೇತ್ತಾ ತನಕ ಕನ್ನಡ ಸಾಲ್ಯಾಗ ಕಲ್ತೀನಿ. ನಿಮ್ಮ ಮಂದಿ ಮಾತು ನನಗ ಮೊದಲ ದಿನದಿಂದ ತಿಳೀತಿತ್ತು.”

ನನಗೆ ಮೊದಲು ಬಂದದ್ದು ನಗು. ರುಬೀನಾ ಎಂಬ ಹೆಸರು ಕೇಳಿ, ಹಿಂದಿಯವಳು ಎಂದು ನಾವೇ ತೀರ್ಮಾನ ಮಾಡಿಕೊಂಡಿದ್ದೆವು. ನಮ್ಮ ಮನೆಮಾತು ನಮ್ಮ ಮನೆಯವರಿಗೆ ಬಿಟ್ಟು ಪ್ರಪಂಚದಲ್ಲಿ ಯಾರಿಗೂ ಬಾರದು ಎಂದುಕೊಳ್ಳುವ ದಡ್ಡರು ನಾವಲ್ಲದೆ ಇನ್ಯಾರು? ನಾನೂ ಅವಳ ಮುಂದೆ ಅವಳ ಕುರ್ತಾ ಬಗ್ಗೆ ಏನೋ ಆಡಿದ್ದೆ. ಅದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

“ಅಯ್ಯೋ, ಮೊದ್ಲೇ ಹೇಳೋದಲ್ವಾ ಕಣ್ಣು!” ಎಂದೆ, ನಮ್ಮ ಕಡೆ ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ.

“ಹೇಳಬೇಕಂತ ಮಾಡಿದ್ದೆ. ಅಷ್ಟರಾಗ ಅವರು ನಿಮ್ಮ ಸುದ್ದಿ ತಗದ್ರು.” ಲೋಟವನ್ನು ಪಕ್ಕಕ್ಕೆ ಸರಿಸಿದಳು. “ನೀವು ತಿರುಪ್ಪೂರಿಗೆ ಹೋದಾಗ, ನನ್ನ ಬೆನ್ನ ಹಿಂದನ ನಿಂತು ಮಾತಾಡಿದ್ರು. ನಿಮ್ಮ ಕೈಲೆ ಎಲ್ಲಾ ಬಿಡಿಸಿಕೊಳ್ಳೂಣು, ಆಮ್ಯಾಲೆ ಅಕ್ಕ ಯಾಕ ಬೇಕು ಅಂದ್ರು. ನಮ್ಮ ಕಂಪನಿಗೆ ಬರೋ ಮಂದಿಯೊಳಗ ನಿಮ್ಮ ಹೆಸರು ಅವರು ಕೊಟ್ಟೇ ಇಲ್ಲ ಮೇಡಂ. ಸರವಣ ಅವರ ಹೆಸರು ಐತಿ, ಇಲ್ಲಿ ಹೆಡ್ ಅಂತ.”

ಅವಳೇ ಮುಂದುವರಿಸಿದಳು.

“ಅಕ್ಕಗ ಸಿಟ್ಟು ಬಂದ್ರ, ಅಂತ ಸರವಣ ಕೇಳಿದ್ರು. ನಿಮ್ಮ ತಮ್ಮ ನಕ್ಕರು. ಮನೀಯಾಕಿ ಅಲ್ಲೇನು, ಎಲ್ಲಿ ಹೋಗ್ತಾಳ, ಚೌಡಮ್ಮನ ಪೂಜಿಗೆ ಬಂದ ಬರ್ತಾಳ, ಅಂದ್ರು.”

ಟೀ ಮೇಲೆ ಕೆನೆ ಕಟ್ಟಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಕೇಳಿದ್ದೆ. ಇವರು ಹೊಳೆಗೆ ಇಳಿಯುವ ಮೊದಲೇ ಅಂಬಿಗನಿಗೆ ಹೊರದಾರಿ ತೋರಿಸಿದ್ದರು. ಸಿಕ್ಕು ಹಾಕು ಎಂದಾಗ ಹಾಕಿದೆ, ಬಿಡಿಸು ಎಂದಾಗ ಬಿಡಿಸಿದೆ. ಸಿಕ್ಕು ಇರುವವರೆಗೆ ನಾನು ಬೇಕಾಗಿದ್ದೆ. ನನ್ನ ಕೈಯಿಂದಲೇ ನನ್ನನ್ನು ತೆಗೆಸಿದರಲ್ಲಾ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

“ಯಾವತ್ತು ಕೇಳಿದ್ದು ನೀನು?” ಎಂದೆ.

“ಮೊದಲನೇ ವಾರದಾಗ.”

“ಮೊದಲ್ನೇ ವಾರ!” ಬೇಕರಿಯವನು ತಿರುಗಿ ನೋಡಿದ. “ಎರಡ್ ತಿಂಗ್ಳು ನನ್ ಡಬ್ಬೀಲಿ ಉಂಡ್ಯಲ್ಲಮ್ಮಾ. ಎರಡ್ ತಿಂಗ್ಳು!”

ರುಬೀನಾ ಅಳಲಿಲ್ಲ, ಸುಳ್ಳೂ ಹೇಳಲಿಲ್ಲ. “ನೀವು ಅರ್ಧಕ್ಕ ಬಿಟ್ಟಿದ್ರ ನನ್ನ ಕೆಲಸ ಹೋಗ್ತಿತ್ತು ಮೇಡಂ. ಎಲ್ಲಾ ಒಬ್ಬರ ಕೈಯಾಗ ಐತಿ, ಅದನ್ನ ಬಿಡಿಸಿಕೊಂಡ ಬಾ ಅಂತನ ನನ್ನ ಕಳಿಸಿದ್ದು. ಇವತ್ತು ಮುಂಜಾನೆ ಆ ಪರೀಕ್ಷಾ ಅದಕ್ಕ,” ಎಂದಳು. “ಇದನ್ನೆಲ್ಲಾ ಮಾಡಿದಾಕಿ ನೀವ ಅಂತ ನಾ ಚೊಲೋ ಬರದೀನಿ.”

“ಬರಿ ತಾಯಿ, ಬರಿ. ಸತ್ತೋರ ಬಗ್ಗೆನೂ ಚೆನ್ನಾಗೇ ಬರೀತಾರೆ,” ಎಂದೆ.

ಅವಳನ್ನು ಹೊಡೆಯಬೇಕು ಅನ್ನಿಸಿತು. ತಬ್ಬಿಕೊಂಡು ಅಳಬೇಕು ಎಂದೂ ಅನ್ನಿಸಿತು, ಯಾಕೆಂದರೆ ಹೇಳಲೇಬೇಕಾದ ಋಣ ಅವಳಿಗೇನೂ ಇರಲಿಲ್ಲ, ಹೇಳದೆ ರೈಲು ಹತ್ತಬಹುದಿತ್ತು. ಎರಡನ್ನೂ ಮಾಡದೆ ಮೆಟ್ಟಿಲು ಹತ್ತಿದೆ.

ರಾಮ್‌ಕುಮಾರ್ ತನ್ನ ಕೋಣೆಯಲ್ಲಿ ಒಬ್ಬನೇ ಇದ್ದ. ಮೇಜಿನ ಮೇಲೆ ಮೈಸೂರ್‌ಪಾಕಿನ ಡಬ್ಬಿ ಬಿಚ್ಚಿಟ್ಟಿತ್ತು. ನನ್ನನ್ನು ಕಂಡು ಎದ್ದು ಬಂದ, ಒಂದು ತುಂಡು ಮುರಿದು ನನ್ನ ಬಾಯಿಯ ಹತ್ತಿರ ಹಿಡಿದ. “ಅಕ್ಕಾ! ಪೂರಾ ಹಸ್ರು! ಪುಣೆಯಿಂದ ಫೋನ್ ಬಂತು. ಬಾಯ್ ತೆಗಿ, ತೆಗಿ.” ಚಿಕ್ಕವನಿದ್ದಾಗ ಅವನಿಗೆ ನಾನು ತಿನ್ನಿಸುತ್ತಿದ್ದದ್ದೂ ಹೀಗೇ.

ಅವನ ಕೈಯನ್ನು ತಳ್ಳಿದೆ.

“ಪುಣೆಯವ್ರ ಹತ್ರ ಹೋಗೋರಲ್ಲಿ ನನ್ ಹೆಸ್ರು ಇಲ್ವಂತೆ? ಸರವಣ ಹೆಡ್ಡಂತೆ?”

ಅವನ ನಗು ಅಲ್ಲೇ ನಿಂತಿತು, ಹೋಗಲಿಲ್ಲ. “ಯಾರ್ ಹೇಳಿದ್ದು? ಅಕ್ಕಾ, ಅದು ಬಂದು... ಮನೆಗ್ ಬಂದು ನಿಧಾನವಾಗಿ ಹೇಳೋಣಾಂತ ಇದ್ದೆ. ಅಮ್ಮನೂ ಹೇಳ್ತು, ಗೋಕಿಲಂಗೆ ಬೇಜಾರಾಗದಂಗೆ ಹೇಳೋ ಅಂತ.”

ಅಂದರೆ ಚಿಕ್ಕಮ್ಮನಿಗೂ ಗೊತ್ತಿತ್ತು. ಹೋದ ವಾರ ನನಗೆ ಹೂ ಮುಡಿಸಿ ಕಳಿಸಿದ ಚಿಕ್ಕಮ್ಮ.

“ಅಕ್ಕನ್ ಕೈಲಿ ಬಿಡಿಸ್ಕೊಂಡ್ ಮೇಲೆ ಅಕ್ಕ ಯಾಕೆ ಅಂದ್ಯಂತೆ? ಪೂಜೆಗೆ ಬಂದೇ ಬರ್ತಾಳೆ ಅಂದ್ಯಂತೆ?” ಕೆಳಗಿನ ಬೇಕರಿಗೆ ಕೇಳಿದರೆ ಕೇಳಲಿ ಎಂದು ದನಿ ಏರಿಸಿದೆ. “ಆಣೆ ಇಟ್ಯಲ್ಲೋ ನನ್ ಮುಂದೆ! ಕೂಲಿಯವ್ಳಾಗಿದ್ರೂ ಮುಖ ನೋಡಿ ಬೇಡ ಅಂತಿದ್ದೆ ನೀನು. ಅಕ್ಕಾಂತ ತಾನೇ ಹಿಂದಿಂದ ಕುಯ್ದಿದ್ದು?”

“ಅಕ್ಕಾ, ಮೊದ್ಲು ಅದ್ ಹೇಳು. ಇದನ್ನ ನಿಂಗೆ ಸೊಲ್ಲಿದ್ದು ಯಾರು? ಸರವಣನಾ?”

“ರುಬೀನಾ. ಹಾವೇರಿಯವ್ಳು ಅವ್ಳು. ನಮ್ಗಿಂತ ಚೆನ್ನಾಗ್ ಕನ್ನಡ ಬರ್ತದೆ. ಎರಡ್ ತಿಂಗ್ಳಿಂದ ನೀವ್ ಆಡಿದ್ದೆಲ್ಲಾ ಕೇಳಿದ್ದಾಳೆ.”

ಆಗ ಅವನ ಮುಖದ ರಕ್ತ ಇಳಿದುಹೋಯಿತು. ಕುರ್ಚಿ ಹಿಡಿದುಕೊಂಡು ಕೂತ. ಸದ್ಯ, ನಾಚಿಕೆ ಎಂಬುದೊಂದು ಉಳಿದಿದೆಯಲ್ಲ ಎಂದುಕೊಂಡೆ. ಅವನು ಈಗ ಕ್ಷಮಿಸು ಎಂದಿದ್ದರೆ, ದೇವರಾಣೆಗೂ, ನಾನು ಅಳುತ್ತಿದ್ದೆ.

“ಎಲ್ಲಾನೂ ಕೇಳಿದ್ದಾಳಾ?” ಎಂದ. ದನಿ ಪಿಸುಗುಟ್ಟುವ ಹಾಗಿತ್ತು. “ಅಕ್ಕಾ, ನಮ್ ಗಿರಾಕಿಗಳಲ್ಲಿ ಎರಡ್ ದೊಡ್ಡ್ ಕಂಪನಿಯವ್ರು ನಮ್ಮನ್ ಬಿಟ್ಟು ಹೋಗ್ತಾರೆ, ಸೈನ್ ಆಗೋವರ್ಗೂ ಪುಣೆಯವ್ರಿಗೆ ತಿಳೀಬಾರ್ದು ಅಂತ ಸರವಣ ಅಂದ್ನಲ್ಲ, ಅವ್ಳ್ ಮುಂದೇನೇ... ಅದೂ ಕೇಳಿದ್ದಾಳಾ?”

ನಾನು ಅವನನ್ನೇ ನೋಡಿದೆ.

“ಕೆಳಗೇ ಇದ್ದಾಳಾ ಇನ್ನೂ? ನಿನ್ನ ಕಂಡ್ರೆ ಅವ್ಳಿಗ್ ಪ್ರಿಯ. ಸೀಕ್ರ ಹೋಗಿ ಮೆಲ್ಲ ವಿಚಾರಿಸು. ಏನೇನ್ ಕೇಳಿದ್ಳು, ಪುಣೆಗೆ ಏನಾದ್ರೂ ಹೇಳ್ಬಿಟ್ಳಾ ಅಂತ. ನೀನಾದ್ರೆ ಹೇಳ್ತಾಳೆ.” ಡಬ್ಬಿಯನ್ನು ನನ್ನ ಕಡೆ ತಳ್ಳಿದ. “ಇದನ್ನೂ ಎತ್ಕೊಂಡ್ ಹೋಗಿ ಕೊಡು. ಅಕ್ಕಾ, ಇದೊಂದೇ ಒಂದ್ ವೇಲೆ. ನಿನ್ ಬಿಟ್ರೆ ಯಾರ್ ಕೈಲೂ ಆಗಲ್ಲ.”

ಅವನು ತೊಟ್ಟಿಲಲ್ಲಿ ಇದ್ದಾಗಿನಿಂದ ನಾನು ಅವನೊಡನೆ ಆಡಿದ ಒಂದೊಂದು ಮಾತೂ ಕನ್ನಡವೇ. ಬೈದದ್ದು, ಮುದ್ದು ಮಾಡಿದ್ದು, ಅವನ ತಂದೆ ತೀರಿಕೊಂಡಾಗ ಅವನ ತಲೆ ಹಿಡಿದುಕೊಂಡು ಅತ್ತದ್ದು, ಎಲ್ಲವೂ. ನಾನು ಹೆಗಲಿನ ಚೀಲ ಸರಿ ಮಾಡಿಕೊಂಡೆ. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಕಂಡಕಂಡವರ ಹತ್ತಿರ ಮಾತಾಡುವ ದನಿಯಲ್ಲಿ, ನೀವೇ ಕೇಳಿಕೊಳ್ಳಿ ಎಂದು ತಮಿಳಿನಲ್ಲಿ ಹೇಳಿದೆ.

“ನೀಂಗಳೇ ಕೇಟ್ಟುಕ್ಕೋಂಗ, ಸಾರ್.”

ರಾಮ್‌ಕುಮಾರ್ ಬೆಚ್ಚಿಬಿದ್ದು ನನ್ನ ಹೆಗಲಾಚೆ ಬಾಗಿಲ ಕಡೆ ಇಣುಕಿದ.

“ಯಾರಕ್ಕಾ ಬಂದಿದ್ದು?” ಎಂದ.